ಮೇಷ್ಟ್ರ ಸೈಕಲ್ಲಿನ ಪೆಡಲ್

ನಾವು ಎಂಟನೇ ಕ್ಲಾಸಿನಲ್ಲಿದ್ದಾಗ ನಮ್ಮ ಇಂಗ್ಲಿಷ್ ಮೇಷ್ಟ್ರು ಒಂದು ದಿನ ಪಾಠ ನಿಲ್ಲಿಸಿ, ಎಲ್ಲರನ್ನೂ ಜಗಲಿಗೆ ಕರೆದುಕೊಂಡು ಹೋದರು. ಅಲ್ಲಿ ಅವರ ಸೈಕಲ್ ನಿಂತಿತ್ತು. ಪೆಡಲನ್ನು ಕೈಯಲ್ಲಿ ತಿರುಗಿಸಿ, "ಇದರ ಮೇಲೆ ಏನಿಡ್ತೀರಿ?" ಎಂದು ಕೇಳಿದರು.

"ಕಾಲು ಸಾರ್."

"ಪಾದ ಅನ್ನಿ."

ಲ್ಯಾಟಿನ್ನಿನಲ್ಲಿ ಪೆಸ್ ಅಂದರೆ ಪಾದ. 'ಪಾದದ' ಅನ್ನಬೇಕಾದರೆ ಅದು ಪೆಡಿಸ್ ಆಗುತ್ತದೆ. ಪೆಡಲ್‌ನ ಪಿ, ಇ, ಡಿ ಬಂದದ್ದು ಅಲ್ಲಿಂದ. ಪೆಡೆಸ್ಟ್ರಿಯನ್ ಅಂದರೆ ಪಾದಚಾರಿ. ಲ್ಯಾಟಿನ್, ಸಂಸ್ಕೃತ ಎರಡಕ್ಕೂ ಬೇರು ಒಂದೇ. ಹಾಗಾಗಿ ನಮ್ಮ ಪಾದವೂ ಆ ಪೆಡ್ಡೂ ನೆಂಟರು. ನಾವು ಕನ್ನಡ ಮೀಡಿಯಂ ಮಕ್ಕಳು, ಇಂಗ್ಲಿಷ್ ಅಂದರೆ ಹೆದರಿಕೆ. ಆವತ್ತು ಮೊದಲ ಸಲ ಒಂದು ಇಂಗ್ಲಿಷ್ ಪದ ಪರಿಚಯದವರ ಹಾಗೆ ಕಂಡಿತು.

ಅದೇ ಧೈರ್ಯದಲ್ಲಿ ಟೆಸ್ಟಿನಲ್ಲಿ ಪೀಡಿಯಾಟ್ರಿಷಿಯನ್ ಅಂದರೆ 'ಕಾಲಿನ ಡಾಕ್ಟರ್' ಎಂದು ಬರೆದೆ. ತಪ್ಪು. ಆದರೂ ಮೇಷ್ಟ್ರು ಅರ್ಧ ಮಾರ್ಕು ಕೊಟ್ಟಿದ್ದರು. ಮರುದಿನ ಬಿಡಿಸಿ ಹೇಳಿದರು. ಇದು ಗ್ರೀಕ್ ಕಡೆಯ ಪದ, ಅಲ್ಲಿ ಪೈಸ್ ಅಂದರೆ ಮಗು. ಬ್ರಿಟಿಷರು ಪಿ ಆದ ಮೇಲೆ ಎ, ಇ ಎರಡನ್ನೂ ಬರೆಯುತ್ತಾರೆ. ಅಮೆರಿಕದವರು ಎ ಕೈಬಿಟ್ಟರು, ಮಗುವೂ ಪಾದವೂ ಒಂದೇ ಥರ ಕಾಣತೊಡಗಿದವು. ಈಗಲೂ ಮಕ್ಕಳ ಡಾಕ್ಟರ ಬೋರ್ಡ್ ಕಂಡರೆ ಆ ಎ ಇದೆಯಾ ಅಂತ ನೋಡುತ್ತೇನೆ.

ಪೆಡಗಾಗ್ ಕೂಡ ಮಗುವಿನ ಕಡೆಯದೇ. ಈಗ ಅದಕ್ಕೆ ಮೇಷ್ಟ್ರು ಅಂತ ಅರ್ಥ. ಹಳೆಯ ಗ್ರೀಸಿನಲ್ಲಿ ಪೈಡಗೋಗೋಸ್ ಪಾಠ ಹೇಳುವವನಲ್ಲ, ಮಗುವನ್ನು ಶಾಲೆಗೆ ಕರೆದುಕೊಂಡು ಹೋಗಿ ಬರುವ ಮನೆಯ ಗುಲಾಮ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ನಮ್ಮ ಮೇಷ್ಟ್ರು ಸಣ್ಣ ಮಕ್ಕಳ ಕೈ ಹಿಡಿದು ಸಂಕ ದಾಟಿಸಿ, ಆಮೇಲೆ ಸೈಕಲ್ ತಳ್ಳಿಕೊಂಡು ಮನೆಗೆ ಹೋಗುತ್ತಿದ್ದರು.

ನನಗೆ ಜಾಸ್ತಿ ಇಷ್ಟವಾದದ್ದು ಪೆಡಿಗ್ರೀ. ವಂಶಾವಳಿ ಎಂಬ ಅರ್ಥದ ಈ ಪದ ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದು ಕೊಕ್ಕರೆಯಂಥ ಹಕ್ಕಿಯೊಂದರ ಪಾದ! ಅಪ್ಪನ ಹೆಸರಿನಿಂದ ಮಕ್ಕಳ ಹೆಸರಿಗೆ ಎಳೆದ ಗೆರೆಗಳು ಹಾಗೇ ಕಾಣುತ್ತವಲ್ವಾ? ಮೇಷ್ಟ್ರು ಬೋರ್ಡಿನ ಮೇಲೆ ಬರೆದು ತೋರಿಸಿದರು. ಸಂಜೆ ಮನೆಗೆ ಹೋಗುವಾಗ ನಾವು ನಾಲ್ಕು ಜನ ಗದ್ದೆ ಬದುವಿನ ಕೆಸರಿನಲ್ಲಿ ಹುಡುಕುತ್ತಾ ಹೋದೆವು. ತೂಬಿನ ಹತ್ತಿರ ಸಿಕ್ಕಿತು. ಮುಂದಕ್ಕೆ ಚಾಚಿದ ಮೂರು ಬೆರಳು, ಇನ್ನೂ ಹಸಿಯಾಗಿತ್ತು.