ಎಚ್‌ಆರ್‌ಎ ಕಾಲಂನಲ್ಲಿ ಸೊನ್ನೆ

2023ರ ಜೂನ್ ಕೊನೆ. ಕೇಂದ್ರದ ವಿಜ್ಞಾನ ಇಲಾಖೆ ಡಿಎಸ್‌ಟಿಯಿಂದ ಫೆಲೋಶಿಪ್ ಹೆಚ್ಚಿಸಿದ ಆರ್ಡರ್ ಬಂತು. ಜೂನಿಯರ್ ರಿಸರ್ಚ್ ಫೆಲೋಗೆ (ಜೆಆರ್‌ಎಫ್) ತಿಂಗಳಿಗೆ 31,000 ಇದ್ದದ್ದು 37,000, ಸೀನಿಯರ್‌ಗೆ (ಎಸ್‌ಆರ್‌ಎಫ್) 35,000 ಇದ್ದದ್ದು 42,000. ಅದೂ ಜನವರಿಯಿಂದಲೇ ಲೆಕ್ಕ. ನಮ್ಮ ಪ್ರಾಜೆಕ್ಟಿನ ಜೆಆರ್‌ಎಫ್ ಹುಡುಗ ಮೊಬೈಲ್ ಹಿಡಿದು ಲ್ಯಾಬಿಗೆ ಓಡಿ ಬಂದ. "ಬರೀ ಪಿಡಿಎಫ್ ತೋರಿಸಿದ್ರೆ ಆಯ್ತಾ? ಪೇಡ ಎಲ್ಲಿ?" ಅಂದೆ. ಸಂಜೆ ಅರ್ಧ ಕೆಜಿ ತಂದ. ನಾನು ಎರಡು ತಿಂದೆ.

ಮೂರನೇದಕ್ಕೆ ಕೈ ಹಾಕುವಾಗ ಕೇಳಿದ, "ಮೇಡಂ, ಅರಿಯರ್ಸ್ ಈ ತಿಂಗಳೇ ಬರುತ್ತಾ?"

ಪ್ರಾಜೆಕ್ಟಿಗೆ ದುಡ್ಡು ಮಂಜೂರಾದ ಸ್ಯಾಂಕ್ಷನ್ ಆರ್ಡರ್ ತೆಗೆದೆ. ಮ್ಯಾನ್‌ಪವರ್: 31,000ದಂತೆ 36 ತಿಂಗಳು, 11,16,000. ಎಚ್‌ಆರ್‌ಎ, ಅಂದ್ರೆ ಮನೆ ಬಾಡಿಗೆ ಭತ್ಯೆ: ಸೊನ್ನೆ. ಮೂರನೇ ವರ್ಷ ಎಸ್‌ಆರ್‌ಎಫ್ ಆಗಬೇಕಲ್ಲ, ಅದೂ ಇಲ್ಲ. ಪ್ರಪೋಸಲ್‌ನಲ್ಲಿ ಈ ಬಜೆಟ್ ಬರೆದವಳು ನಾನೇ. ಒಟ್ಟು ಮೊತ್ತ ಕಡಿಮೆ ಕಂಡರೆ ಕಮಿಟಿಯಲ್ಲಿ ಸಲೀಸಾಗಿ ಪಾಸಾಗುತ್ತೆ ಅನ್ನೋ ಜಾಣತನ. ಹುಡುಗರು ಹೇಗೂ ಹಾಸ್ಟೆಲ್‌ನಲ್ಲಿ ಇರ್ತಾರೆ, ಎಚ್‌ಆರ್‌ಎ ಯಾಕೆ ಅಂದುಕೊಂಡಿದ್ದೆ. ಇವನು ಡಿಸೆಂಬರ್‌ನಲ್ಲೇ ಮದುವೆಯಾಗಿ ಬಾಡಿಗೆ ಮನೆ ಮಾಡಿದ್ದ. ಮದುವೆ ಊಟಕ್ಕೆ ನಾನೂ ಹೋಗಿದ್ದೆ!

ಎಚ್‌ಆರ್‌ಎ ಲೆಕ್ಕಕ್ಕೆ ನಮ್ಮದು ವೈ ಸಿಟಿ, ಅಂದ್ರೆ ಮಧ್ಯಮ ದರ್ಜೆಯ ಊರು, ಆಗ 18%. ಕ್ಯಾಲ್ಕುಲೇಟರ್ ಒತ್ತಿದೆ. ಅವನಿಗೆ ಸಿಗಬೇಕಾದ್ದು 43,660, ನನ್ನ ಹತ್ತಿರ ಇರೋದು 31,000. ತಿಂಗಳಿಗೆ 12,660 ಕೊರತೆ. ಇನ್ನೊಮ್ಮೆ ಒತ್ತಿದೆ, ಅಷ್ಟೇ ಬಂತು. ಅವನು ಏನೂ ಕೇಳಲಿಲ್ಲ. ಸ್ಕ್ರೀನ್ ನೋಡಿದ. ಪೇಡದ ಡಬ್ಬಿ ಮುಚ್ಚಿದ, ರಬ್ಬರ್ ಬ್ಯಾಂಡ್ ಹಾಕಿದ. ಕೈಯಲ್ಲಿದ್ದ ಪೇಡ ಬಾಯಿಗಿಡಲೂ ಆಗಲಿಲ್ಲ, ವಾಪಸ್ ಇಡಲೂ ಆಗಲಿಲ್ಲ.

ಮಾರನೇ ದಿನ ಫೈನಾನ್ಸ್ ಸೆಕ್ಷನ್‌ಗೆ ಹೋದೆ. ಕನ್ಸ್ಯೂಮಬಲ್ಸ್‌ನಲ್ಲಿ ಒಂದೂವರೆ ಲಕ್ಷ ಸುಮ್ನೆ ಕೂತಿದೆ, ಅದರಿಂದ ಕೊಡಿ ಅಂದೆ. "ಹೆಡ್ ಬ್ಯಾರೆ ಅದ ರೀ ಮೇಡಂ" ಅಂದರು, ತಲೆ ಎತ್ತದೆ. ಒಂದು ಹೆಡ್‌ನ ದುಡ್ಡು ಇನ್ನೊಂದಕ್ಕೆ ಹಾಕೋ ರೀಅಪ್ರಾಪ್ರಿಯೇಶನ್‌ಗೆ ಫಂಡಿಂಗ್ ಏಜೆನ್ಸಿ ಒಪ್ಪಬೇಕಂತೆ. ಅದಕ್ಕೆ ಖರ್ಚಿನ ಪಟ್ಟಿ (ಎಸ್‌ಇ) ಬೇಕು, ಬಳಕೆ ಪ್ರಮಾಣಪತ್ರ (ಯುಸಿ) ಬೇಕು, ರಿಜಿಸ್ಟ್ರಾರ್ ಸಹಿ ಬೇಕು. ಅಸಿಟೋನ್ ಕೊಳ್ಳೋಕೆ ದುಡ್ಡಿದೆ, ಅದನ್ನು ಬಳಸೋ ಹುಡುಗನ ಮನೆ ಬಾಡಿಗೆಗೆ ಇಲ್ಲ. ಯೂನಿವರ್ಸಿಟಿಯ ಪಾಲಾದ ಓವರ್‌ಹೆಡ್ ಮಾತ್ರ ಮೊದಲ ಕಂತಲ್ಲೇ ಅವರ ಖಾತೆಗೆ ಸೇರಿತ್ತು, ಅದನ್ನು ಯಾರೂ ಮರೆಯಲ್ಲ.

ಒಪ್ಪಿಗೆ ಬರೋಕೆ ಏಳು ತಿಂಗಳು ಹಿಡಿಯಿತು. ಅಲ್ಲಿವರೆಗೆ ಹುಡುಗ ಸಂಜೆ ಟ್ಯೂಷನ್ ಹೇಳಿದ. ನಾನು ತಿಂಗಳಿಗೊಮ್ಮೆ "ಬಂದೇ ಬರುತ್ತೆ" ಅಂದೆ. ಅವನ ಪ್ರಯೋಗದ ಜೆಲ್ ಸರಿ ಬರದ ದಿನ ರೇಗುವ ಹಕ್ಕು ನನಗಿದೆ ಅಂತ ಆಮೇಲೆ ಅನಿಸಲೇ ಇಲ್ಲ.

ಈ ಸಲದ ಪ್ರಪೋಸಲ್‌ನಲ್ಲಿ ಎರಡು ವರ್ಷ 37,000, ಮೂರನೇ ವರ್ಷ 42,000, ಪೂರ್ತಿ ಎಚ್‌ಆರ್‌ಎ 20% ಹಾಕಿದ್ದೇನೆ. "ಇಷ್ಟು ಜಾಸ್ತಿ ಹಾಕಿದ್ರೆ ಕಟ್ ಮಾಡ್ತಾರೆ" ಅಂದರು ಪಕ್ಕದ ಲ್ಯಾಬಿನವರು. ಎಕ್ವಿಪ್‌ಮೆಂಟ್‌ನಲ್ಲಿ ಕಟ್ ಮಾಡಲಿ ಬಿಡಿ. ಹಳೇ ಸೆಂಟ್ರಿಫ್ಯೂಜ್ ಕಿರುಚುತ್ತೆ, ಆದ್ರೂ ತಿರುಗುತ್ತೆ.