ಹೊನ್ನಗೊಂಡೆ ಅಂದರೆ ಹಂಪಿಯೇ?

ನಾನು ಬರೆಯುತ್ತಿರುವ ಕಾದಂಬರಿಯಲ್ಲಿ ಹೊನ್ನಗೊಂಡೆ ಅಂತ ಒಂದು ರಾಜ್ಯ ಇದೆ. ನಾನೇ ಕಟ್ಟಿದ್ದು. ಒಂದು ಕಾಲಕ್ಕೆ ಇಡೀ ತೆಂಕಣ ಸೀಮೆಯನ್ನು ಆಳಿದ ರಾಜ್ಯ ಅದು. ಈಗ ಉಳಿದಿರುವುದು ಎರಡು ಕೋಟೆ, ಒಂದು ದೊಡ್ಡ ಕೆರೆ, ಕೆರೆ ಕೆಳಗಿನ ಹಳ್ಳಿಗಳು. ಓದಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ: “ಇದು ಹಂಪಿ ತಾನೇ? ಹೆಸರು ಯಾಕೆ ಬದಲಾಯಿಸಿದ್ರಿ?”

ಹಂಪಿ ಅಲ್ಲ. ಹಂಪಿ ಬಿಟ್ಟು ಹೊರಟವರ ಕಥೆ ಅದು.

ನಾವು ಶಾಲೆಯಲ್ಲಿ ಓದುವಾಗ ವಿಜಯನಗರ 1565ಕ್ಕೆ ಮುಗಿದುಹೋಗುತ್ತಿತ್ತು, ಅಲ್ವಾ? ತಾಳಿಕೋಟೆ ಯುದ್ಧ, ರಾಮರಾಯನ ಸಾವು, ಅಲ್ಲಿಗೆ ಪಾಠ ಮುಗಿಯಿತು. ಆದರೆ ರಾಮರಾಯನ ತಮ್ಮ ತಿರುಮಲ ಪೆನುಗೊಂಡೆಗೆ ಹೋದ. ಆಮೇಲೆ ರಾಜಧಾನಿ ಚಂದ್ರಗಿರಿಗೆ, ವೆಲ್ಲೂರಿಗೆ ಸರಿಯಿತು. ಇನ್ನೂ ಎಂಬತ್ತು ವರ್ಷಕ್ಕಿಂತ ಜಾಸ್ತಿ ರಾಯರು ಇದ್ದರು. 1610ರಲ್ಲಿ ಮೈಸೂರಿನ ರಾಜ ಒಡೆಯರು ಈ ರಾಯರ ಕೈಯಲ್ಲಿದ್ದ ಶ್ರೀರಂಗಪಟ್ಟಣ ತಗೊಂಡರು. 1639ರಲ್ಲಿ ಇಂಗ್ಲಿಷರಿಗೆ ಮದ್ರಾಸಿನ ಜಾಗ ಬಿಟ್ಟುಕೊಟ್ಟವನೂ ಈ ರಾಯರ ಕೈಕೆಳಗಿನ ಒಬ್ಬ ನಾಯಕನೇ. ಕೊನೆಗೆ ಮೂರನೇ ಶ್ರೀರಂಗರಾಯ ವೆಲ್ಲೂರನ್ನೂ ಕಳೆದುಕೊಂಡ. ಆಗ ಅವನಿಗೆ ಬೇಲೂರಿನ ಕಡೆ ನೆಲೆ ಕೊಟ್ಟವನು ಕೆಳದಿಯ ಶಿವಪ್ಪನಾಯಕ. ಕೆಳದಿಯವರ ಹಿರಿಯರು ಇದೇ ರಾಯರಿಗೆ ಕಪ್ಪ ಕೊಟ್ಟವರು! ಆಳಿನ ಮನೆಯಲ್ಲಿ ಅರಸ ಬಂದು ಉಳಿದ ಹಾಗೆ. ಇದನ್ನು ಮೊದಲ ಸಲ ಓದಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ನೆಲ ಹೋದ ಮೇಲೂ ಬಿರುದು ಮಾತ್ರ ಹೋಗುವುದಿಲ್ಲ. ವಿಜಯನಗರದ ಶಾಸನಗಳಲ್ಲಿ ಬರುವ ಬಿರುದು ನೋಡಿ: “ಪೂರ್ವ ದಕ್ಷಿಣ ಪಶ್ಚಿಮ ಸಮುದ್ರಾಧೀಶ್ವರ”. ಇನ್ನೊಂದು ನನಗೆ ತುಂಬಾ ಇಷ್ಟ, “ಭಾಷೆಗೆ ತಪ್ಪುವ ರಾಯರ ಗಂಡ”. ಕೊಟ್ಟ ಮಾತಿಗೆ ತಪ್ಪುವ ಅರಸರನ್ನು ಬಗ್ಗಿಸುವವನು ಅಂತ. ಹೊನ್ನಗೊಂಡೆಯಲ್ಲೂ ಇಂಥ ಬಿರುದುಗಳಿವೆ. ಅವನ್ನೆಲ್ಲ ತಾಮ್ರದ ಹಾಳೆಯ ಮೇಲೆ ಕೊರೆದಿಟ್ಟಿದ್ದಾರೆ.

ಹಳ್ಳಿಗಳ ಲೆಕ್ಕ ಮಾತ್ರ ಕಡತದಲ್ಲಿದೆ. ಕಡತ ಅಂದರೆ ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು, ಒಣಗಿಸಿ, ಮಡಚಿ ಮಾಡಿದ ಕಪ್ಪು ಪುಸ್ತಕ. ಬಳಪದಲ್ಲಿ ಬರೆಯುವುದು. ಒರೆಸಿದರೆ ಅಕ್ಷರ ಹೋಗುತ್ತದೆ. ನನ್ನ ಕಥೆಯ ಕರಣಿಕ ವರ್ಷಾವರ್ಷ ಕೈಬಿಟ್ಟುಹೋದ ಹಳ್ಳಿಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾನೆ. ಬೆರಳ ತುದಿ ಬೆಳ್ಳಗಾಗುತ್ತದೆ. ಆಮೇಲೆ ಅದೇ ಕೈಯಲ್ಲಿ ಮೂರು ಸಮುದ್ರದ ಬಿರುದು ಸೇರಿಸಿ ಓಲೆ ಬರೆಯುತ್ತಾನೆ.

ಹೆಸರು ಬದಲಾಯಿಸಿದ್ದು ಈ ಕರಣಿಕನಿಗಾಗಿ. ರಾಯರ ಬಗ್ಗೆ ಶಾಸನ ಇವೆ, ಕಾವ್ಯ ಇವೆ. ಶ್ರೀರಂಗರಾಯನ ಬಾಯಲ್ಲಿ ನಾನು ಸುಮ್ನೆ ಮಾತು ತುರುಕಬಾರದು. ಅದು ತಪ್ಪು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ. ಕರಣಿಕನಿಗೆ ಮಾತಾಡಲು ಅವನದೇ ಒಂದು ಊರು ಬೇಕಿತ್ತು.

ಈಗ ಬರೆಯುತ್ತಿರುವ ಅಧ್ಯಾಯದಲ್ಲಿ, ಹೋದ ವರ್ಷ ಒರೆಸಿದ ಹಳ್ಳಿಯಿಂದ ಒಬ್ಬ ರೈತ ಕಂದಾಯದ ರಾಗಿ ಹೊತ್ತು ಬಂದಿದ್ದಾನೆ. ಅಲ್ಲಿಗೆ ಹೊಸ ದೊರೆ ಬಂದದ್ದು ಅವನಿಗೆ ಗೊತ್ತು. ಆದರೂ ಬಂದಿದ್ದಾನೆ. ಮೂಟೆ ಜಗಲಿ ಮೇಲಿದೆ. ಕರಣಿಕ ಬಳಪ ಹಿಡಿದು ಕೂತಿದ್ದಾನೆ, ಯಾವ ಹಳ್ಳಿ ಅಂತ ಬರೆದುಕೊಳ್ಳಲಿ ಅಂತ.