ಕೌಂಟಿವಾರು ಕೋಷ್ಟಕದಲ್ಲಿ ಕಾಣಿಸದ ಬಡಾವಣೆಗಳು

ಸರ್ಕಾರಿ ಸಂಸ್ಥೆಯೊಂದರ ಕೈಗೆ ಬಂದ ಸಂಕಷ್ಟದ ಆಸ್ತಿಗಳನ್ನು ಪ್ರದೇಶವಾರು ವಿಂಗಡಿಸಿ ತೋರಿಸುವ ಕೋಷ್ಟಕವನ್ನು ಓದಿದವರು, ಯಾವ ಜಿಲ್ಲೆಯಲ್ಲಿ ಹೆಚ್ಚು ಆಸ್ತಿ ಇದೆಯೋ ಅಲ್ಲಿಯೇ ಹೆಚ್ಚು ಸಂಕಷ್ಟವಿದೆ ಎಂದು ತಿಳಿಯುತ್ತಾರೆ. ಡಬ್ಲಿನ್ನಿನ ಸಲಹಾ ಸಂಸ್ಥೆಯೊಂದರಲ್ಲಿ ಆಸ್ತಿ ಸಾಲಗಳ ದತ್ತಾಂಶ ನೋಡಿಕೊಳ್ಳುತ್ತಿದ್ದಾಗ ನಾವು ಸಿದ್ಧಪಡಿಸಿದ್ದು ಅಂಥದೇ ಕೋಷ್ಟಕ. ಅದನ್ನು ಮುಂದಿಟ್ಟುಕೊಂಡು ನಡೆದ ಸಭೆ ಇಂದಿಗೂ ನನ್ನನ್ನು ಚುಚ್ಚುತ್ತದೆ.

ವಿಷಯ ನ್ಯಾಷನಲ್ ಅಸೆಟ್ ಮ್ಯಾನೇಜ್‌ಮೆಂಟ್ ಏಜೆನ್ಸಿಗೆ, ಐರ್ಲೆಂಡಿನಲ್ಲಿ ಎಲ್ಲರೂ ‘ನಾಮಾ’ ಎನ್ನುವ ಸಂಸ್ಥೆಗೆ ಸಂಬಂಧಿಸಿದ್ದು. 2009ರ ಕಾಯಿದೆಯ ಮೂಲಕ ಹುಟ್ಟಿದ ಈ ಸಂಸ್ಥೆ ಐದು ಹಣಕಾಸು ಸಂಸ್ಥೆಗಳಿಂದ ಸುಮಾರು 7,400 ಕೋಟಿ ಯೂರೊ ಮುಖಬೆಲೆಯ ಸಾಲಗಳನ್ನು ಸುಮಾರು 3,180 ಕೋಟಿ ಯೂರೊಗೆ, ಅಂದರೆ ಶೇ 57ರಷ್ಟು ಕಡಿತದಲ್ಲಿ ಕೊಂಡುಕೊಂಡಿತು. ಅದು ಕೊಂಡದ್ದು ಸಾಲಗಳನ್ನೇ ಹೊರತು ಕಟ್ಟಡಗಳನ್ನಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಒಂದೇ ‘ಕನೆಕ್ಷನ್’ನ, ಅಂದರೆ ಪರಸ್ಪರ ಸಂಬಂಧವಿರುವ ಸಾಲಗಾರರ ಗುಂಪಿನ ಸಾಲಕ್ಕೆ ಲಂಡನ್ನಿನ ಕಚೇರಿ ಕಟ್ಟಡ, ಕಾರ್ಕ್‌ನ ಖಾಲಿ ಜಮೀನು ಮತ್ತು ಗಾಲ್ವೇಯ ಹೋಟೆಲು ಒಟ್ಟಾಗಿ ಅಡಮಾನವಾಗಿರುವುದು ಸಾಮಾನ್ಯ ಸಂಗತಿಯಾಗಿತ್ತು. ಅಡಮಾನಗಳ ಮೌಲ್ಯದ ಸುಮಾರು ಮೂರನೇ ಒಂದು ಭಾಗ ಬ್ರಿಟನ್ನಿನಲ್ಲಿ, ಅದರಲ್ಲೂ ಹೆಚ್ಚಾಗಿ ಲಂಡನ್ನಿನಲ್ಲಿತ್ತು. ಬ್ಯಾಟರ್‌ಸಿ ವಿದ್ಯುತ್ ಸ್ಥಾವರದ ಮೇಲಿನ ಸಾಲವೂ ಅದರಲ್ಲಿ ಸೇರಿತ್ತು. ಐರ್ಲೆಂಡಿನೊಳಗೆ ಡಬ್ಲಿನ್ ಮತ್ತು ಅದರ ಸುತ್ತಲಿನ ಕೌಂಟಿಗಳೇ, ಅಂದರೆ ಅಲ್ಲಿನ ಜಿಲ್ಲೆಗಳೇ ಮುಂದಿದ್ದವು.

ನಮಗೆ ಬಂದ ಡೇಟಾ ಟೇಪ್‌ನಲ್ಲಿ, ಅಂದರೆ ಸಾಲಗಳ ವಿವರದ ಕಡತದಲ್ಲಿ, ವಿಳಾಸದ ಅಂಕಣವೇನೋ ಇತ್ತು, ಆದರೆ ಹಲವು ಸಾಲುಗಳಲ್ಲಿ ಅದು ಆಸ್ತಿಯ ವಿಳಾಸವಾಗಿರದೆ ಸಾಲ ಪಡೆದ ಕಂಪನಿಯ ನೋಂದಾಯಿತ ಕಚೇರಿಯ ವಿಳಾಸವಾಗಿತ್ತು. ಆ ದೇಶಕ್ಕೆ ಐರ್‌ಕೋಡ್ ಎಂಬ ಅಂಚೆ ಸಂಕೇತ ಬಂದದ್ದು 2015ರಲ್ಲಿ. ಅದಕ್ಕೂ ಮೊದಲಿನ ಹಲವು ದಾಖಲೆಗಳಲ್ಲಿ ಟೌನ್‌ಲ್ಯಾಂಡ್‌ನ, ಅಂದರೆ ಅಲ್ಲಿನ ಚಿಕ್ಕ ಭೂವಿಭಾಗದ ಹೆಸರು ಮಾತ್ರ ಇರುತ್ತಿತ್ತು, ನ್ಯೂಟೌನ್‌ನಂಥ ಹೆಸರಿನ ಟೌನ್‌ಲ್ಯಾಂಡುಗಳಂತೂ ಹಲವು ಕೌಂಟಿಗಳಲ್ಲಿವೆ. ನಾವು ಬಳಸುತ್ತಿದ್ದ ತಂತ್ರಾಂಶ ಗೊಂದಲವಾದಾಗ ನಿಲ್ಲುತ್ತಿರಲಿಲ್ಲ, ತನಗೆ ತೋಚಿದ ಬಿಂದುವನ್ನು ನಕ್ಷೆಯ ಮೇಲೆ ಇಟ್ಟುಬಿಡುತ್ತಿತ್ತು. ಇಂಥ ಉಪಕರಣಕ್ಕೆ ವರ್ಷವರ್ಷ ಪರವಾನಗಿ ಶುಲ್ಕ ಕಟ್ಟುವುದನ್ನು ನಾನು ಈಗಲೂ ಒಪ್ಪಲಾರೆ. ಪಹಣಿಯ ಸರ್ವೆ ನಂಬರ್ ಇಲ್ಲದೆ ಜಮೀನಿನ ಮಾತೇ ಆಡದ ಊರಿನಿಂದ ಬಂದ ನನಗೆ, ಇಲ್ಲಿಯೂ ಅಂಥದೊಂದು ಸಂಖ್ಯೆ ಇರಲೇಬೇಕು ಎನಿಸುತ್ತಿತ್ತು. ಭೂ ನೋಂದಣಿಯ ಫೋಲಿಯೊ ಸಂಖ್ಯೆ ಆ ಕೆಲಸ ಮಾಡಿತು, ಏಕೆಂದರೆ ಪ್ರತಿ ಫೋಲಿಯೊ ಒಂದು ಕೌಂಟಿಗೆ ಸೇರಿರುತ್ತದೆ. ಹಳೆಯ ನಗರಭಾಗದ ಅನೇಕ ಆಸ್ತಿಗಳು ಇನ್ನೂ ಫೋಲಿಯೊ ಇಲ್ಲದೆ, ಪತ್ರಗಳನ್ನಷ್ಟೇ ದಾಖಲಿಸುವ ರಿಜಿಸ್ಟ್ರಿ ಆಫ್ ಡೀಡ್ಸ್‌ನಲ್ಲಿಯೇ ಇದ್ದುದರಿಂದ ಅವನ್ನು ಒಂದೊಂದಾಗಿ ಕೈಯಿಂದಲೇ ಪರಿಶೀಲಿಸಬೇಕಾಯಿತು.

ಅಷ್ಟಾದ ಮೇಲೆ ಕೋಷ್ಟಕ ಸರಿಯಾಗಿದೆ ಎಂದು ತಂಡದ ಎಲ್ಲರೂ ನಂಬಿದ್ದೆವು, ಮತ್ತು ವಿಳಾಸಗಳ ಮಟ್ಟಿಗೆ ಅದು ಸರಿಯಾಗಿಯೇ ಇತ್ತು. ವಾಯವ್ಯ ಭಾಗದ ಕೌಂಟಿಯೊಂದರ ಅಧಿಕಾರಿಗಳ ಮುಂದೆ, ಆಸ್ತಿ ಹೆಚ್ಚಿದ್ದಲ್ಲಿ ಬಣ್ಣ ತುಂಬಿ ಆ ಕೋಷ್ಟಕದಿಂದ ಮಾಡಿದ ನಕ್ಷೆಯನ್ನು ತೆರೆದಾಗ ಅವರ ಕೌಂಟಿ ಹೆಚ್ಚುಕಡಿಮೆ ಬಿಳಿಯಾಗಿ ಕಾಣುತ್ತಿತ್ತು. ಹಿರಿಯ ಎಂಜಿನಿಯರ್ ಒಬ್ಬರು ಬಹಳ ಹೊತ್ತು ಅದನ್ನೇ ನೋಡಿ, “ನಮ್ಮಲ್ಲಿ ಅರ್ಧಕ್ಕೆ ನಿಂತ ಬಡಾವಣೆಗಳಿಗೆ ಬೀದಿದೀಪವಿಲ್ಲ, ಒಳಚರಂಡಿ ಮುಗಿದಿಲ್ಲ, ಆದರೂ ಜನ ಅಲ್ಲಿ ಮಕ್ಕಳೊಂದಿಗೆ ವಾಸವಾಗಿದ್ದಾರೆ. ಈ ನಕ್ಷೆಯನ್ನು ಇಲಾಖೆಗೆ ಕಳಿಸಿದರೆ ನಮಗೆ ಅನುದಾನದ ಅಗತ್ಯವೇ ಇಲ್ಲ ಎಂದಾಗುವುದಿಲ್ಲವೇ?” ಎಂದು ಕೇಳಿದರು. ನಮ್ಮ ಮ್ಯಾನೇಜರ್ ಅಂಕಿಗಳು ದತ್ತಾಂಶಕ್ಕೆ ತಾಳೆಯಾಗಿವೆ ಎಂದರು. ಅದೇ ಮಾತನ್ನು ಇನ್ನೊಮ್ಮೆ, ತುಸು ಗಟ್ಟಿಯಾಗಿ ಹೇಳಿದರು. ಎಂಜಿನಿಯರ್ ತಮ್ಮ ಕಡತದಿಂದ ಬಡಾವಣೆಗಳ ಪಟ್ಟಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಆ ಪಟ್ಟಿಯಲ್ಲಿದ್ದ ಹೆಸರುಗಳಲ್ಲಿ ಒಂದೂ ನನಗೆ ಟೇಪ್‌ನಲ್ಲಿ ಕಂಡ ನೆನಪಾಗಲಿಲ್ಲ. ಎಲ್ಲರೂ ನನ್ನತ್ತ ತಿರುಗಿದಾಗ ಬಾಯಿ ಒಣಗಿತ್ತು, ಏಕೆಂದರೆ ಅವರ ಪಟ್ಟಿಯೂ ನಮ್ಮ ಕೋಷ್ಟಕವೂ ಏಕಕಾಲಕ್ಕೆ ಸತ್ಯವಾಗಿದ್ದವು.

ಉತ್ತರವಿದ್ದದ್ದು ನಾಮಾ ಯಾವ ಸಾಲವನ್ನು ತೆಗೆದುಕೊಳ್ಳಬೇಕೆಂದು ನಿರ್ಧರಿಸಿದ ನಿಯಮದಲ್ಲಿ. ಎಐಬಿ (ಅಲೈಡ್ ಐರಿಷ್ ಬ್ಯಾಂಕ್ಸ್) ಮತ್ತು ಬ್ಯಾಂಕ್ ಆಫ್ ಐರ್ಲೆಂಡ್‌ಗಳಲ್ಲಿ ಒಟ್ಟು ಬಾಕಿ 2 ಕೋಟಿ ಯೂರೊಗಿಂತ ಕಡಿಮೆ ಇದ್ದ ಸಾಲಗಾರರನ್ನು ಬ್ಯಾಂಕುಗಳಲ್ಲಿಯೇ ಬಿಡುವುದೆಂದು 2010ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ತೀರ್ಮಾನಿಸಿತ್ತು. 1998ರಲ್ಲಿ ಆರಂಭವಾದ ಮೇಲಣ ಶಾನನ್ ಗ್ರಾಮೀಣ ಪುನಶ್ಚೇತನ ಯೋಜನೆಯ ತೆರಿಗೆ ರಿಯಾಯಿತಿಯನ್ನು ನಂಬಿ ಲೀಟ್ರಿಮ್, ಲಾಂಗ್‌ಫರ್ಡ್ ಕೌಂಟಿಗಳಲ್ಲಿ ಹಾಗೂ ಕ್ಯಾವನ್, ರಾಸ್‌ಕಾಮನ್, ಸ್ಲೈಗೊ ಕೌಂಟಿಗಳ ಕೆಲವು ಭಾಗಗಳಲ್ಲಿ ಮನೆ ಕಟ್ಟಿದವರಲ್ಲಿ ಸಣ್ಣ ಬಿಲ್ಡರುಗಳು ಅನೇಕರು. ಅಂಥವರ ಸಾಲಗಳು ಆ ಮಿತಿಯೊಳಗೇ ಇರುತ್ತಿದ್ದವು. 2010ರ ರಾಷ್ಟ್ರೀಯ ಸಮೀಕ್ಷೆ ಪೂರ್ಣಗೊಳ್ಳದ 2,800ಕ್ಕೂ ಹೆಚ್ಚು ಬಡಾವಣೆಗಳನ್ನು ಗುರುತಿಸಿತ್ತು. ಅವುಗಳಲ್ಲಿ ಬಹುಪಾಲು ನಾಮಾದ ಕೈಗೆ ಬಂದೇ ಇರಲಿಲ್ಲ. ಬಿಳಿಯಾಗಿದ್ದ ಕೌಂಟಿ ಹೇಳುತ್ತಿದ್ದುದು ಅಲ್ಲಿ ದೊಡ್ಡ ಸಾಲಗಾರರು ಕಡಿಮೆ ಎಂಬುದನ್ನು ಮಾತ್ರ. ಇದನ್ನು ನಾನು ತಡವರಿಸುತ್ತಲೇ ವಿವರಿಸಿದೆ, ಎಂಜಿನಿಯರ್ ತಲೆಯಾಡಿಸಿ ಬರೆದುಕೊಂಡರು.

ಮಿತಿಯ ಬಗೆಗಿನ ಆ ಸಾಲು ನಮ್ಮ ವರದಿಯಲ್ಲಿಯೂ ಇತ್ತು, ಆದರೆ ಅಡಿಟಿಪ್ಪಣಿಯಲ್ಲಿತ್ತು. ಸ್ಲೈಡಿಗೆ ನಕ್ಷೆಯನ್ನು ಎತ್ತಿಕೊಂಡಾಗ ಅದು ಹಿಂದೆಯೇ ಉಳಿದಿತ್ತು. ಆಯ್ಕೆಯ ನಿಯಮವನ್ನು ಶೀರ್ಷಿಕೆಯಲ್ಲಿಯೇ ಬರೆಯಬೇಕು ಮತ್ತು ಸಮೀಕ್ಷೆಯ ಬಡಾವಣೆಗಳ ಸಂಖ್ಯೆಯನ್ನು ಪಕ್ಕದ ಅಂಕಣದಲ್ಲಿ ಕೊಡಬೇಕು ಎಂದು ನಾನು ಪಟ್ಟು ಹಿಡಿದೆ. ಟೈಮ್‌ಶೀಟಿನಲ್ಲಿ ಅದಕ್ಕೆ ಬಿಲ್ಲಿಂಗ್ ಕೋಡ್ ಇಲ್ಲವೆಂಬ ಆಕ್ಷೇಪ ಬಂತು. ಒಂದು ಅಂಕಣ ಸೇರಿಸಲು ಕೋಡ್ ಕೇಳುವ ಆಡಳಿತ, ಅದೇ ಅಂಕಣವಿಲ್ಲದ ನಕ್ಷೆಯನ್ನು ಮುದ್ರಿಸಲು ಯಾರನ್ನೂ ಕೇಳಿರಲಿಲ್ಲ. ಕೊನೆಗೆ ಅಂಕಣ ಸೇರಿತು, ಬಿಳಿ ಬಣ್ಣದ ಜಾಗಕ್ಕೆ ‘ಬ್ಯಾಂಕುಗಳಲ್ಲಿಯೇ ಉಳಿದ ಸಾಲಗಳು ಸೇರಿಲ್ಲ’ ಎಂಬ ಸೂಚನೆ ಬಂತು. ಹಲವು ಕೌಂಟಿಗಳ ಆಸ್ತಿಯನ್ನು ಒಟ್ಟಿಗೆ ಅಡಮಾನವಿಟ್ಟ ಸಾಲಗಳನ್ನು ಮಾತ್ರ ನಾಮಾ ಮೌಲ್ಯಮಾಪನಕ್ಕೆ ಆಧಾರವಾಗಿಟ್ಟುಕೊಂಡ ದಿನವಾದ 2009ರ ನವೆಂಬರ್ 30ರ ಮೌಲ್ಯದ ಅನುಪಾತದಲ್ಲಿಯೇ ಹಂಚಬೇಕಾಯಿತು. ಆ ದಿನದ ನಂತರ ಡಬ್ಲಿನ್ನಿನ ಬೆಲೆ ಚೇತರಿಸಿಕೊಂಡ ಹಾಗೆ ಒಳನಾಡಿನ ಬೆಲೆ ಚೇತರಿಸಿಕೊಳ್ಳಲಿಲ್ಲವಾದ್ದರಿಂದ, ಆ ಹಂಚಿಕೆ ಹಳೆಯದಾದಷ್ಟೂ ಡಬ್ಲಿನ್ನಿನ ಪಾಲನ್ನು ಕಡಿಮೆಯಾಗಿಯೂ ಒಳನಾಡಿನ ಪಾಲನ್ನು ಹೆಚ್ಚಾಗಿಯೂ ತೋರಿಸುತ್ತದೆ; ಅದನ್ನು ಸರಿಪಡಿಸಲು ಬೇಕಾದ ಹೊಸ ಮೌಲ್ಯಮಾಪನ ನಮ್ಮ ಟೇಪ್‌ನಲ್ಲಿ ಇರಲಿಲ್ಲ.